ಎತ್ತಿಗಿದ್ದ ಸೋಮವಾರ ನಮಗಿಲ್ಲವೇ?

ಕಳೆದ ವರ್ಷ ನಮ್ಮ ಊರಿನ ಶರಣ ಸಂಸ್ಕೃತಿ ಉತ್ಸವದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಸನ್ಮಾನಪತ್ರದಲ್ಲಿ ‘ಕಾಯಕಯೋಗಿ’ ಎಂದು ಬರೆದಿತ್ತು. “ಇವರು ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಅಂಗಡಿ ಮುಚ್ಚಿದವರಲ್ಲ. ತಾಯಿ ಲಿಂಗೈಕ್ಯರಾದ ದಿನವೂ ಸಂಜೆಗೆ ಶಟರ್ ಎತ್ತಿದರು” ಎಂದು ನಿರೂಪಕರು ಹೇಳಿದಾಗ ಜೋರಾಗಿ ಚಪ್ಪಾಳೆ ಬಿತ್ತು. ನಾನೂ ಕೈಮುಗಿದೆ. ಎಲ್ಲರೂ ಬರಿಗಾಲಲ್ಲಿ ವೇದಿಕೆ ಹತ್ತಿದ್ದರು, ನಾನೊಬ್ಬ ಕಾಲುಚೀಲ ಬಿಚ್ಚಿರಲಿಲ್ಲ. ಬಲಗಾಲಿನ ಕಾಲುಚೀಲದೊಳಗೆ ಎರಡು ಬೆರಳು ಇರಲಿಲ್ಲ.

ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ತಿರುಪು, ಕೊಂಡಿ, ಬಣ್ಣದ ಡಬ್ಬಿ. ಬೆಳಿಗ್ಗೆ ಎಂಟಕ್ಕೆ ತೆಗೆದರೆ ರಾತ್ರಿ ಹತ್ತಕ್ಕೆ ಮುಚ್ಚುವುದು. ಹತ್ತು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಗುಳಿಗೆ ಬರೆದುಕೊಟ್ಟರು, ಮೂರು ತಿಂಗಳಿಗೊಮ್ಮೆ ಬನ್ನಿ ಎಂದರು. ನಾನು ಹೋಗಲಿಲ್ಲ. ತಪಾಸಣೆಗೆ ಹೋದರೆ ಅರ್ಧ ದಿನದ ವ್ಯಾಪಾರ ಹೋಗುತ್ತದೆ ಎಂಬ ಲೆಕ್ಕ. ಮನೆಯಿಂದ ಬಂದ ಬುತ್ತಿ ಮೂರು ಗಂಟೆಯವರೆಗೆ ಗಲ್ಲಾದ ಪಕ್ಕದಲ್ಲಿ ಆರುತ್ತಿತ್ತು. ಅಷ್ಟರೊಳಗೆ ನಾಲ್ಕು ಚಹಾ, ಒಂದು ಪ್ಲೇಟ್ ಮಿರ್ಚಿ ಹೊಟ್ಟೆ ಸೇರಿರುತ್ತಿತ್ತು. ಸಕ್ಕರೆ ಹೆಚ್ಚಿದ್ದಷ್ಟು ಕಾಲ ಪಾದದ ನರ ಸದ್ದಿಲ್ಲದೆ ಸಾಯುತ್ತಾ ಹೋಗುತ್ತದೆ. ಒಂದು ದಿನ ಮೊಳೆ ಚಪ್ಪಲಿ ತೂರಿ ಕಾಲಿಗೆ ಚುಚ್ಚಿದೆ, ನನಗೆ ತಿಳಿಯಲೇ ಇಲ್ಲ. ಸಂಜೆ ನೆಲದ ಮೇಲಿನ ರಕ್ತವನ್ನು ನೋಡಿದ್ದು ಹಮಾಲ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಮತ್ತೆ ನಿಂತೆ. ಹನ್ನೆರಡನೇ ದಿನಕ್ಕೆ ಬೆರಳು ಕಪ್ಪಾಗಿತ್ತು.

ಶರಣಬಂಧುಗಳೇ, ತಪ್ಪು ನನ್ನದೇ. ಆದರೆ ಅದಕ್ಕೆ ಶಾಲು ಹೊದಿಸಿದ್ದು ಯಾರು? ನಾವೆಲ್ಲ ಸೇರಿ ಕಾಯಕವೆಂಬ ಮಾತನ್ನು ಏನು ಮಾಡಿಟ್ಟಿದ್ದೇವೆ ಎಂದು ಕೇಳಲು ಕೂತಿದ್ದೇನೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಮನ್ನಿಸಿ.

ಪ್ರತಿ ಅಂಗಡಿಯ ಗಲ್ಲಾದ ಮೇಲೆ ಅಪ್ಪ ಬಸವಣ್ಣನವರ ಫೋಟೋ, ಅದರ ಕೆಳಗೆ ಕಾಯಕ–ಕೈಲಾಸದ ಫಲಕ. ಆ ಫಲಕವನ್ನು ನಾವು ಓದುವ ರೀತಿ ಒಂದೇ: ಇನ್ನೂ ಒಂದು ತಾಸು ಅಂಗಡಿ ತೆರೆದಿಡು. ಕಾಯಕ ಎಂಬ ಮಾತಿನಲ್ಲೇ ಕಾಯ ಇದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಇಷ್ಟಲಿಂಗ ಕಟ್ಟಿಕೊಂಡಿರುವುದು ಈ ಕಾಯದ ಮೇಲೆಯೇ. ಆ ಕಾಯ ಕೊಳೆಯುತ್ತಿದ್ದರೆ ಅಂಗಡಿ ತೆರೆದಿದ್ದು ಯಾವ ಕಾಯಕ?

ಕಾಯಕ–ಕೈಲಾಸದ ಮಾತು ಯಾರಿಂದ ಬಂತೋ ಆ ಆಯ್ದಕ್ಕಿ ಮಾರಯ್ಯನವರ ಕಥೆಯನ್ನಾದರೂ ನೆನೆಯಬೇಕು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟು ನಮಗೇಕೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಗಂಡನನ್ನು ಮರಳಿ ಕಳಿಸಿದರು. ಕಾಯಕಕ್ಕೆ ಒಂದು ಅಳತೆ ಇದೆ, ಅಳತೆ ಮೀರಿದ್ದು ಆಸೆ ಎಂದು ಎಂಟು ನೂರು ವರ್ಷಗಳ ಹಿಂದೆಯೇ ಒಬ್ಬ ಹೆಣ್ಣುಮಗಳು ತೀರ್ಪು ಕೊಟ್ಟಾಗಿದೆ. ನಾವು ಮಾರಯ್ಯನವರ ಮಾತನ್ನು ಫಲಕ ಮಾಡಿಸಿ, ಲಕ್ಕಮ್ಮನವರ ಮಾತನ್ನು ಪುಸ್ತಕದಲ್ಲೇ ಬಿಟ್ಟೆವು.

ನಮ್ಮ ಮನೆಯ ಲಕ್ಕಮ್ಮನೂ ಹೇಳಿದ್ದಳು. “ವಾರಕ್ಕ ಒಂದ್ ದಿನಾ ಬಾಗಲಾ ಹಾಕಿದ್ರ ಗಂಟೇನ್ ಹೋಗ್ತೈತ್ರಿ?” ಎಂದು ಎಷ್ಟು ಸಲ ಕೇಳಿದ್ದಾಳೋ. ಅಂಗಡಿಯ ಉದ್ರಿ ಖಾತೆ ಬರೆಯುವವಳು ಅವಳೇ, ಅಡಿಗೆ ಮಾಡುವವಳೂ ಅವಳೇ. ಸನ್ಮಾನಪತ್ರದಲ್ಲಿ ಅವಳ ಹೆಸರು ಇರಲಿಲ್ಲ. ಅವಳ ರಕ್ತದೊತ್ತಡ ಎಷ್ಟಿದೆ ಎಂದು ನಾನು ಮೊದಲ ಬಾರಿ ಕೇಳಿದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ.

ನಮ್ಮ ಅಜ್ಜ ಒಕ್ಕಲುತನದವರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತಿಗೆ ಹದ ಹೋಗುತ್ತದೆ ಎಂದರೂ ಇಡುತ್ತಿರಲಿಲ್ಲ. ಬಸವನ ದಿನ, ಅಷ್ಟೇ. ಎತ್ತಿನ ಮೈ ತೊಳೆದು, ಗೊರಸು ನೋಡಿ, ಮುಳ್ಳಿದ್ದರೆ ತೆಗೆಯುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಲಿಂಗಾಯತ ಒಕ್ಕಲು ಮನೆಗಳಲ್ಲಿ ಇದು ಇನ್ನೂ ಉಳಿದಿದೆ. ಎತ್ತಿಗೆ ಸಿಕ್ಕ ಈ ಮರ್ಯಾದೆ ಅಂಗಡಿಗೆ ಬಂದ ಮೊಮ್ಮಗನಿಗೆ ಸಿಗಲಿಲ್ಲ. ನನ್ನ ಪಾದವನ್ನು ತಿರುವಿ ನೋಡುವವರು ಯಾರೂ ಇರಲಿಲ್ಲ, ನಾನೂ ನೋಡಲಿಲ್ಲ. ಸರಕಾರದ 1961ರ ಅಂಗಡಿಗಳ ಕಾಯ್ದೆ ಕೂಡ ಆಳಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಒಂದು ದಿನದ ರಜೆ ಕೊಡಿ ಎನ್ನುತ್ತದೆ. ಮಾಲೀಕ ಎಷ್ಟು ದುಡಿದು ಸತ್ತರೂ ಅದು ಕೇಳುವುದಿಲ್ಲ. (ಆಳಿಗೂ ನಾವು ಆ ರಜೆ ಕೊಡುವುದಿಲ್ಲ ಎಂಬುದು ಬೇರೆ ಮಾತು. ಮಾಲೀಕ ನಿಂತಿರುವಾಗ ಹುಡುಗ ಹೇಗೆ ಮನೆಗೆ ಹೋದಾನು?)

“ಬಾಗಿಲು ಹಾಕಿದರೆ ಗಿರಾಕಿ ಆನ್‌ಲೈನ್‌ಗೆ ಹೋಗುತ್ತಾನೆ, ಬ್ಯಾಂಕಿನ ಕಂತು ನೀವು ಕಟ್ಟುತ್ತೀರಾ?” ಎಂದು ನನ್ನ ಪಕ್ಕದ ಅಂಗಡಿಯವರು ಕೇಳಿದರು. ಸುಳ್ಳಲ್ಲ. ಚಿಕ್ಕ ಕಿರಾಣಿಯವನಿಗೆ ಒಂದು ಸಂಜೆಯ ವ್ಯಾಪಾರವೂ ದೊಡ್ಡದೇ. ಆದ್ದರಿಂದಲೇ ಇದು ಒಬ್ಬೊಬ್ಬರು ಮಾಡುವ ಕೆಲಸವಲ್ಲ. ಬಜಾರಿನವರೆಲ್ಲ ಕೂಡಿ ಒಂದು ಅರ್ಧ ದಿನ ಗೊತ್ತುಮಾಡಿದರೆ ಯಾರಿಗೂ ಯಾರ ಭಯವೂ ಇಲ್ಲ. ಉಳಿದ ದಿನ ಊಟಕ್ಕೆ ಅರ್ಧ ತಾಸು ಕೂರುವುದಕ್ಕಂತೂ ಯಾರ ಒಪ್ಪಿಗೆಯೂ ಬೇಡ.

ಮಠಗಳಿಗೂ ಒಂದು ಮಾತು ಇದೆ, ಸಲುಗೆಯಿಂದ ಹೇಳುತ್ತೇನೆ. ಪೂಜ್ಯರ ಪಾದಕ್ಕೆ ಎರಗುವವನೇ ನಾನು. ಆದರೆ ರಸೀದಿ ಪುಸ್ತಕ ಹಿಡಿದು ಅಂಗಡಿಗೆ ಬರುವ ಸಮಿತಿಯವರು “ವ್ಯಾಪಾರ ಹೇಗಿದೆ ಶರಣರೇ?” ಎಂದು ಕೇಳುತ್ತಾರೆ, “ಆರೋಗ್ಯ ಹೇಗಿದೆ?” ಎಂದು ಕೇಳುವುದಿಲ್ಲ. ಅಂಗಡಿ ಮುಚ್ಚದವನನ್ನು ಹೊಗಳುವುದರಲ್ಲಿ ದೇಣಿಗೆಯ ಲೆಕ್ಕವೂ ಸ್ವಲ್ಪ ಇದೆ ಎಂದರೆ ಯಾರೂ ಬೇಸರಿಸಬಾರದು. ದಾಸೋಹ ಮಾಡುವ ಕೈ ಬೇಕು, ಸರಿ, ಆ ಕೈಗೆ ಜೀವವೂ ಇರಬೇಕಲ್ಲ! ಶಿವಾನುಭವ ಗೋಷ್ಠಿಗೆ ವ್ಯಾಪಾರಸ್ಥರು ಬರುವುದಿಲ್ಲ ಎಂದು ದೂರುತ್ತೀರಿ. ಎಲ್ಲಿಂದ ಬರಬೇಕು? ಗೋಷ್ಠಿ ಶುರುವಾಗುವುದು ಏಳಕ್ಕೆ, ನಮ್ಮ ಶಟರ್ ಇಳಿಯುವುದು ಹತ್ತಕ್ಕೆ. ಅಂಬಿಗರು, ಮಡಿವಾಳರು, ಹಡಪದದವರು ಕೆಲಸ ಬಿಟ್ಟು ಬಂದು ಕೂತದ್ದರಿಂದಲೇ ಅನುಭವ ಮಂಟಪ ನಡೆಯಿತು.

ಈಗ ಆರು ತಿಂಗಳಿಂದ ಸೋಮವಾರ ಮಧ್ಯಾಹ್ನದ ಮೇಲೆ ನನ್ನ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಮೂರು ನಿಮಿಷದಲ್ಲಿ ಮುಗಿಯುತ್ತಿದ್ದ ಲಿಂಗಪೂಜೆಗೆ ಅರ್ಧ ತಾಸು ಕೂರುತ್ತೇನೆ. ಪೂಜೆ ಮುಗಿದ ಮೇಲೆ ಕನ್ನಡಿ ನೆಲಕ್ಕಿಟ್ಟು ಎರಡೂ ಪಾದದ ಅಡಿ ನೋಡಿಕೊಳ್ಳುತ್ತೇನೆ. ಮೊನ್ನೆ ಸೋಮವಾರ ಒಬ್ಬ ಹಳೆಯ ಗಿರಾಕಿ ಬಾಗಿಲ ಕೊಂಡಿ ಬೇಕೆಂದು ಫೋನ್ ಮಾಡಿದ. ನಾಳೆ ಬಾ ಎಂದೆ, ಬಂದ. ಇನ್ನೊಬ್ಬ ಬರಲಿಲ್ಲ, ಬೇರೆ ಅಂಗಡಿಗೆ ಹೋದನಂತೆ. ಹೋಗಲಿ.

ಈ ವರ್ಷದ ಉತ್ಸವಕ್ಕೆ ಸನ್ಮಾನಿತರ ಪಟ್ಟಿ ತಯಾರಾಗುತ್ತಿದೆ. ಶಾಲು–ಹಾರದ ಖರ್ಚು ಉಳಿಸಿ, ಮಂಟಪದ ಬಾಗಿಲಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ನೋಡುವ ಒಂದು ಮೇಜು ಇಡಿ ಎಂದು ಸಮಿತಿಗೆ ಬರೆದುಕೊಟ್ಟಿದ್ದೇನೆ. ಅಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲು ಮೊದಲು ಪದಾಧಿಕಾರಿಗಳೇ ಕೂರಬೇಕು ಎಂದೂ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೂ ಮೇಜು ನನ್ನ ಅಂಗಡಿಯಿಂದಲೇ ಬರುತ್ತದೆ.