ಅಗ್ಗದ ವಿಮಾನವೂ ದೊಡ್ಡ ಕಚೇರಿಗಳೂ

ಹೊಲಗದ್ದೆಗಳ ಮೇಲೆ ಕ್ರಿಮಿನಾಶಕವನ್ನು ಸಿಂಪಡಿಸುವುದಕ್ಕೆಂದು ಹುಟ್ಟಿದ ವಿಮಾನವೊಂದು ಯುದ್ಧವಿಮಾನವಾಗಿ ಪರಿಣಮಿಸಿರುವ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರ ಲಕ್ಷ್ಯಕ್ಕೆ ಬಂದಿರಲಿಕ್ಕಿಲ್ಲ. 2022ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೇರಿಕೆಯ ವಿಶೇಷ ಕಾರ್ಯಾಚರಣೆಯ ದಳದವರು ಟೆಕ್ಸಸ್ ಪ್ರಾಂತದ ಏರ್ ಟ್ರ್ಯಾಕ್ಟರ್ ಕಾರಖಾನೆಯ ಕೃಷಿವಿಮಾನವನ್ನು, ಬೇಕಾದ ಮಾರ್ಪಾಡುಗಳೊಡನೆ, ತಮ್ಮ ಭೂಸೈನಿಕರಿಗೆ ಮೇಲಿನಿಂದ ಬೆಂಬಲವನ್ನು ಕೊಡತಕ್ಕ ವಿಮಾನವೆಂದು ಆಯ್ದುಕೊಂಡರು. 75 ವಿಮಾನಗಳ ವರೆಗೆ ಕೊಳ್ಳಬಹುದೆಂದು ಕರಾರಾಯಿತು. ಬಿಡಿಭಾಗ, ಶಿಕ್ಷಣ, ದುರಸ್ತಿ ಎಲ್ಲವೂ ಸೇರಿ ಆ ಕರಾರಿನ ಗರಿಷ್ಠ ಮಿತಿಯು 300 ಕೋಟಿ ಡಾಲರು! ಅಗ್ಗದ ವಿಮಾನವು ಕಚೇರಿಯ ಬಾಗಿಲನ್ನು ದಾಟುವಷ್ಟರಲ್ಲಿ ಎಷ್ಟರ ಮಟ್ಟಿಗೆ ಅಗ್ಗವಾಗಿ ಉಳಿಯುತ್ತದೆಂಬುದನ್ನು ವಾಚಕರೇ ಭಾಗಿಸಿ ನೋಡಿಕೊಳ್ಳಬಹುದು.

ಈ ವರ್ತಮಾನವನ್ನು ಓದಿದಾಗ ನಮಗೆ ನಮ್ಮ ವೃತ್ತಿಬಾಂಧವರೊಬ್ಬರ ಸ್ಮರಣೆಯಾಯಿತು. ಫ್ಲಾರಿಡಾ ಪ್ರಾಂತದ ಸರಸೋಟಾ ಎಂಬ ಊರಿನ ದಿನಪತ್ರಿಕೆಯ ಪ್ರಕಾಶಕರಾಗಿದ್ದ ಡೇವಿಡ್ ಲಿಂಡ್ಸೆ ಎಂಬವರೇ ಆ ಮಹಾಶಯರು. ಪತ್ರಿಕೆ ನಡೆಸುವವನ ಕಷ್ಟವು ಪತ್ರಿಕೆ ನಡೆಸುವವನಿಗೇ ಗೊತ್ತು. ಕಾಗದದ ಬೆಲೆ, ಜಾಹೀರಾತಿನ ಬಾಕಿ, ರಾತ್ರಿ ಕೈಕೊಡುವ ಯಂತ್ರ, ಇವುಗಳ ನಡುವೆ ಆ ಗೃಹಸ್ಥರು ವಿಮಾನದ ಯೋಚನೆಗೆ ಹೊತ್ತನ್ನು ಎಲ್ಲಿಂದ ತಂದರೆಂಬುದೇ ನಮಗೆ ಮೊದಲನೆಯ ಆಶ್ಚರ್ಯ. 1957ರಲ್ಲಿ ಅವರು ಒಂದು ಚಿಕ್ಕ ಸಂಸ್ಥೆಯನ್ನು ಹುಟ್ಟುಹಾಕಿ, ಎರಡನೆಯ ಮಹಾಯುದ್ಧದಲ್ಲಿ ಹೆಸರಾಂತು ಬಳಿಕ ಬೇಡವಾಗಿ ಮಾರಾಟಕ್ಕೆ ಬಂದಿದ್ದ ಪಿ-51 ಮಸ್ಟಾಂಗ್ ವಿಮಾನಗಳನ್ನು ಕೊಂಡು, ಅವುಗಳನ್ನು ಬಿಚ್ಚಿ, ತೊಳೆದು, ಹಿಂದೊಂದು ಆಸನವನ್ನು ಜೋಡಿಸಿ, ವ್ಯಾಪಾರಸ್ಥರ ಪ್ರಯಾಣಕ್ಕೆ ಒದಗುವಂತೆ ಮಾಡತೊಡಗಿದರು. ಮುಂದೆ ಕ್ಯಾವಲಿಯರ್ ಎಂದು ಹೆಸರಾದದ್ದು ಈ ಸಂಸ್ಥೆಯೇ. ಹಳೆಯ ವಿಮಾನಗಳನ್ನು ಒಂದೊಂದಾಗಿ ಬಿಚ್ಚಿದವನಿಗೆ, ಅದರ ಯಾವ ಭಾಗವು ಗಟ್ಟಿ, ಯಾವುದು ಪೊಳ್ಳು ಎಂಬುದು ಪುಸ್ತಕವಿಲ್ಲದೆಯೇ ತಿಳಿಯುತ್ತದಷ್ಟೆ. 1968ರ ಸುಮಾರಿಗೆ ಅಮೇರಿಕೆಯ ಸರಕಾರವೇ ಅವರಿಂದ ಮಸ್ಟಾಂಗುಗಳನ್ನು ಹೊಸದಾಗಿ ಸಜ್ಜುಗೊಳಿಸಿ ದಕ್ಷಿಣ ಅಮೇರಿಕೆಯ ಬೊಲಿವಿಯಾ ದೇಶಕ್ಕೆ ಕಳುಹಿಸಿತು.

ಆ ಕಾಲದಲ್ಲಿ ವಿಯೆಟ್ನಾಮಿನ ಯುದ್ಧವು ನಡೆದಿತ್ತು. ಕಾಡಿನಲ್ಲಿ ಶತ್ರುವಿಗೆ ನೂರಾರು ಗಜ ದೂರದಲ್ಲಿ ಸಿಕ್ಕಿಕೊಂಡ ಕಾಲ್ದಳಕ್ಕೆ ಮೇಲಿನಿಂದ ನೆರವು ಬೇಕು. ಜೆಟ್ ವಿಮಾನವಾದರೋ ಮಿಂಚಿನಂತೆ ಬಂದು ಮಾಯವಾಗುವುದು. ತನ್ನವರಾರು, ಪರರಾರು ಎಂದು ನೋಡಿ ತಿಳಿಯುವುದಕ್ಕೆ ಅದಕ್ಕೆ ಕೆಲವೇ ಕ್ಷಣಗಳ ಅವಕಾಶ. ಎಣ್ಣೆಯೂ ಬೇಗನೆ ತೀರುವುದು. ಇಳಿಯುವುದಕ್ಕೆ ಉದ್ದವಾದ ಕಲ್ಲುಗಚ್ಚಿನ ಓಡುದಾರಿಯೂ ಬೇಕು. ಮಂದಗತಿಯಿಂದ ಬಹಳ ಹೊತ್ತು ಮೇಲೆಯೇ ಸುತ್ತುತ್ತಿದ್ದು, ಒರಟು ಬಯಲಿನಲ್ಲಿಯೂ ಇಳಿಯಬಲ್ಲ, ಒಂದು ಹೋದರೆ ಬೊಕ್ಕಸವು ಬರಿದಾಗದ ವಿಮಾನವು ಬೇಕೆಂಬುದು ಲಿಂಡ್ಸೆಯವರ ವಾದವಾಗಿತ್ತು.

ಹಾಗಾದರೆ ಹಳೆಯ ಮಸ್ಟಾಂಗನ್ನೇ ಏಕೆ ಕಳುಹಿಸಬಾರದು? ಇಲ್ಲಿಯೇ ಅವರ ಕೈಕಸುಬಿನ ಜಾಣ್ಮೆಯು ಕಾಣುವುದು. ಮಸ್ಟಾಂಗಿನ ಮರ್ಲಿನ್ ಯಂತ್ರವು ನೀರಿನಿಂದ ತಂಪಾಗತಕ್ಕದ್ದು. ಅದರ ಹೊಟ್ಟೆಯ ಕೆಳಗೆ ಜೋತುಬಿದ್ದ ತಂಪುಪೆಟ್ಟಿಗೆಗೆ ನೆಲದಿಂದ ಒಂದೇ ಒಂದು ಬಂದೂಕಿನ ಗುಂಡು ತಗುಲಿದರೂ ನೀರು ಸೋರಿ, ಯಂತ್ರವು ಕಾದು, ವಿಮಾನವು ಕೆಲವೇ ನಿಮಿಷಗಳಲ್ಲಿ ನೆಲ ಕಾಣಬೇಕು. 1950ರಿಂದ 1953ರ ವರೆಗಿನ ಕೊರಿಯಾ ಯುದ್ಧದಲ್ಲಿ ನೆಲಕ್ಕೆ ಸಮೀಪವಾಗಿ ಹಾರಿದ ಮಸ್ಟಾಂಗುಗಳಿಗೆ ಈ ದೋಷವು ಬಹಳವಾಗಿ ಬಾಧಿಸಿತ್ತು. ಲಿಂಡ್ಸೆಯವರು ಆ ಯಂತ್ರವನ್ನೂ ಪೆಟ್ಟಿಗೆಯನ್ನೂ ಕಿತ್ತೊಗೆದು, ಆವಿಯಂತೆ ಬಿಸಿಯಾದ ಅನಿಲದಿಂದ ಚಕ್ರವನ್ನು ತಿರುಗಿಸಿ ಪಂಕವನ್ನು ಸುತ್ತಿಸುವ ಟರ್ಬೊಪ್ರಾಪ್ ಯಂತ್ರವನ್ನು ಕೂಡಿಸಿದರು. ನೀರೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಮೊದಲು ಅವರು ಉಪಯೋಗಿಸಿದ್ದು ರೋಲ್ಸ್ ರಾಯ್ಸ್ ಸಂಸ್ಥೆಯ ಡಾರ್ಟ್ ಯಂತ್ರವನ್ನು. ನಮ್ಮ ವಾಯುಪಡೆಯ ಆವ್ರೋ ವಿಮಾನಗಳನ್ನು ಬಲ್ಲವರಿಗೆ ಈ ಹೆಸರು ಅಪರಿಚಿತವಲ್ಲ. 1968ರಲ್ಲಿ ಅದು ಹಾರಿತು. ಆ ಬಳಿಕ, ಇನ್ನೂ ಬಲವಾದ ಲೈಕಮಿಂಗ್ ಟಿ-55 ಯಂತ್ರವನ್ನು ಹಾಕಬೇಕೆಂದು ಯೋಜಿಸಿ ಅದಕ್ಕೆ ಎನ್‌ಫೋರ್ಸರ್ ಎಂದು ಹೆಸರಿಟ್ಟರು. ಚಿನೂಕ್ ಹೆಲಿಕಾಪ್ಟರನ್ನು ಎತ್ತುವುದೂ ಈ ಜಾತಿಯ ಯಂತ್ರವೇ.

ವಿಮಾನವಾಯಿತು, ಇನ್ನು ಕಚೇರಿಯ ಕಥೆ. ಊರಿನ ಪತ್ರಿಕೆಯವನ ಚಿಕ್ಕ ಸಂಸ್ಥೆಯ ಕೈಯಲ್ಲಿ ನೂರಾರು ವಿಮಾನಗಳನ್ನು ಮಾಡಿಸುವ ಶಕ್ತಿಯೆಲ್ಲಿ ಎಂಬ ಪ್ರಶ್ನೆಯು ಬಂದುದರಿಂದ, ಲಿಂಡ್ಸೆಯವರು ತಮ್ಮ ಯೋಜನೆಯನ್ನು ಪೈಪರ್ ಎಂಬ ದೊಡ್ಡ ಕಾರಖಾನೆಗೆ ಒಪ್ಪಿಸಿದರು. 1971ರಲ್ಲಿ ಮಸ್ಟಾಂಗಿನ ಒಡಲಿನಿಂದ ಮಾಡಿದ ಎನ್‌ಫೋರ್ಸರುಗಳು ಹಾರಿದವು. ಅದೇ ವರುಷ ಒಂದು ಸಮುದ್ರಕ್ಕೆ ಬಿದ್ದು ಹೋಯಿತು. ವಾಯುದಳದವರು ಉಳಿದುದನ್ನು ಹಾರಿಸಿ ಪರೀಕ್ಷಿಸಿದರು, ಕೊಳ್ಳಲಿಲ್ಲ. ಅಷ್ಟಕ್ಕೇ ಬೇರೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರು. ಲಿಂಡ್ಸೆಯವರು ವರ್ಷಗಟ್ಟಲೆ ವಾಷಿಂಗ್ಟನ್ನಿನಲ್ಲಿ ಶಾಸನಸಭೆಯ ಸದಸ್ಯರ ಬಾಗಿಲುಗಳನ್ನು ತಟ್ಟಿ, ಕಡೆಗೆ 1979ರಲ್ಲಿ 1 ಕೋಟಿ 19 ಲಕ್ಷ ಡಾಲರುಗಳನ್ನು ಮಂಜೂರು ಮಾಡಿಸಿದರು. ಎರಡು ಹೊಸ ವಿಮಾನಗಳು ಸಿದ್ಧವಾಗಿ 1983ರಲ್ಲಿ ಹಾರಿದವು. ಅಷ್ಟರೊಳಗೆ ರೂಪವು ಎಷ್ಟು ಬದಲಾಗಿತ್ತೆಂದರೆ, ಹಳೆಯ ಮಸ್ಟಾಂಗಿನ ಭಾಗಗಳು ಅದರಲ್ಲಿ ನೂರಕ್ಕೆ ಹತ್ತೂ ಇರಲಿಲ್ಲ. 1984ರ ವರೆಗೆ ಮತ್ತೆ ಪರೀಕ್ಷೆ, ಮತ್ತೆ ನಿರಾಕರಣೆ. ಇಂದು ಅವುಗಳಲ್ಲೊಂದು ಒಹಾಯೊ ಪ್ರಾಂತದ ಡೇಟನ್ ಊರಿನ ವಾಯುದಳದ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.

ನಾವು ಯಂತ್ರಶಾಸ್ತ್ರದ ಪಂಡಿತರೆಂದು ಹೇಳಿಕೊಳ್ಳುವವರಲ್ಲ. ಪಾಠಶಾಲೆಯಲ್ಲಿ ಅಮರವನ್ನು ಉರುಹೊಡೆದು ಮೆಟ್ರಿಕ್ಯುಲೇಷನ್ನಿಗೆ ಓದನ್ನು ಮುಗಿಸಿದವರು, ಆ ವಿಮಾನವನ್ನು ಕೊಳ್ಳದಿದ್ದುದೇ ತಪ್ಪೆಂದು ಅಮೇರಿಕೆಯ ಸೇನಾಪತಿಗಳಿಗೆ ಬುದ್ಧಿ ಹೇಳಹೊರಟರೆ ಅದು ನಗೆಪಾಟಲಾದೀತು. ಅವರ ಪಕ್ಷದಲ್ಲಿಯೂ ಹೇಳತಕ್ಕುದು ಬಹಳವಿದೆ. 1972ರಲ್ಲಿ ವಿಯೆಟ್ನಾಮಿನ ರಣರಂಗಕ್ಕೆ, ಒಬ್ಬ ಸಿಪಾಯಿಯು ಹೆಗಲ ಮೇಲಿಟ್ಟು ಹಾರಿಸಬಹುದಾದ, ಯಂತ್ರದ ಬಿಸಿಯನ್ನು ಅರಸಿಕೊಂಡು ಹೋಗುವ ರಷ್ಯದ ಸ್ಟ್ರೆಲಾ ಕ್ಷಿಪಣಿಯು ಬಂದಿತು. ಅಂದಿನಿಂದ ಮೆಲ್ಲಗೆ, ಕೆಳಗೆ ಹಾರುವ ವಿಮಾನದ ಆಯುಸ್ಸು ಸಂಶಯಕ್ಕೊಳಗಾಯಿತು. ಅದೇ ವರುಷ, ಇದೇ ಕೆಲಸಕ್ಕೆಂದು ಕವಚ ತೊಡಿಸಿ ನಿರ್ಮಿಸಿದ ಎ-10 ಎಂಬ ಜೆಟ್ ವಿಮಾನವೂ ಮೊದಲ ಬಾರಿಗೆ ಹಾರಿತು. ವಿಮಾನವು ಅಗ್ಗವಾಗಬಹುದು, ಅದರಲ್ಲಿ ಕುಳಿತ ಚಾಲಕನ ಪ್ರಾಣವು ಅಗ್ಗವಾಗುವುದಿಲ್ಲ. ಅಗ್ಗವೆಂಬ ಮಾತನ್ನು ಆಡುವ ಪ್ರತಿಯೊಬ್ಬ ಶೋಧಕನೂ ಈ ಲೆಕ್ಕವನ್ನು ಮೊದಲು ಒಪ್ಪಿಸಬೇಕು.

ಆದರೆ ನಮ್ಮ ಆಕ್ಷೇಪಣೆಯು ಬೇರೆಡೆಯಲ್ಲಿದೆ. ಮನಸ್ಸಿಟ್ಟು ಮಾಡತಕ್ಕ ಪರೀಕ್ಷೆಯನ್ನು 1971ರಲ್ಲಿಯೇ ಮಾಡಿದ್ದರೆ ಹೌದೆಂದೋ ಅಲ್ಲವೆಂದೋ ಒಂದು ಉತ್ತರವು ದೊರೆಯುತ್ತಿತ್ತು. ಆ ಉತ್ತರಕ್ಕೆ ಬೆಲೆಯಿರುತ್ತಿತ್ತು, ಏಕೆಂದರೆ ಆಗ ಪ್ರಶ್ನೆಯು ಜೀವಂತವಾಗಿತ್ತು. ಎರಡನೆಯ ಪರೀಕ್ಷೆಯು ಬಂದುದು ಹನ್ನೆರಡು ವರುಷಗಳ ತರುವಾಯ. ಯುದ್ಧವು ಮುಗಿದು, ಎ-10 ಸೇವೆಗೆ ಸೇರಿ, ಕಚೇರಿಯವರ ಮನಸ್ಸು ಮೊದಲೇ ನಿಶ್ಚಿತವಾದ ಮೇಲೆ. ಅಗ್ಗದ ವಿಮಾನವನ್ನು ಒಪ್ಪಿಕೊಂಡರೆ ದುಬಾರಿ ವಿಮಾನದ ಹಣವನ್ನು ಕಡಿದಾರೆಂಬ ಭಯವು ಯಾವ ದೇಶದ ಸೇನಾಕಚೇರಿಯಲ್ಲಿಯೂ ಇಲ್ಲದೆ ಇರುವುದಿಲ್ಲ. ಅದರ ಮೇಲೆ ಅಲ್ಲಿ, 1948ರಿಂದಲೂ, ರೆಕ್ಕೆಯ ಯುದ್ಧವಿಮಾನವು ವಾಯುದಳದ ಪಾಲು, ಭೂಸೈನ್ಯವು ಅದಕ್ಕೆ ಕೈಹಚ್ಚಕೂಡದು ಎಂಬ ಹಂಚಿಕೆಯಾಗಿತ್ತು. ಹೀಗಾಗಿ, ವಿಮಾನದ ಅಗತ್ಯವಿದ್ದುದು ಕಾಲ್ದಳದವನಿಗೆ. ಬೇಕು ಬೇಡವೆನ್ನುವ ಅಧಿಕಾರವಿದ್ದುದು ಮತ್ತೊಬ್ಬನಿಗೆ!

ಒಪ್ಪಿಗೆ ದೊರೆತರೆ ತಾನೆ ಏನಾಗುವುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1960ರ ಆಚೀಚೆ ಅಮೇರಿಕೆಯ ಮರೀನ್ ದಳದ ರೈಸ್ ಮತ್ತು ಬೆಕೆಟ್ ಎಂಬ ಇಬ್ಬರು ಅಧಿಕಾರಿಗಳು, ಕಾಲ್ದಳದ ಜೊತೆಯಲ್ಲಿಯೇ ಬೀಡುಬಿಟ್ಟು ಹಳ್ಳಿಯ ರಸ್ತೆಯಿಂದಲೇ ಏಳಬಲ್ಲ ಪುಟ್ಟ ವಿಮಾನವನ್ನು ಕಲ್ಪಿಸಿದರು. ರಸ್ತೆಯ ಮರಗಳಿಗೆ ತಗುಲದಂತೆ ಅದರ ರೆಕ್ಕೆಗಳ ಹರವು 20 ಅಡಿ ಮಾತ್ರ. ಕಾಲ್ದಳದ ಮದ್ದುಗುಂಡನ್ನೇ ಅದೂ ಉಪಯೋಗಿಸಬೇಕು. ರೈಸರು ತಮ್ಮ ಮನೆಯಲ್ಲಿಯೇ ಅದನ್ನು ಕಟ್ಟಲಾರಂಭಿಸಿದ್ದರು. ಕಲ್ಪನೆಯನ್ನು ಸರಕಾರವು ಮೆಚ್ಚಿತು; ಮೆಚ್ಚಿದುದೇ ಕೇಡಾಯಿತು. ಒಂದೊಂದು ಇಲಾಖೆಯೂ ತನ್ನದೊಂದು ಬೇಡಿಕೆಯನ್ನು ಸೇರಿಸುತ್ತ ಬಂದಿತು. 1965ರಲ್ಲಿ ಓವಿ-10 ಬ್ರಾಂಕೊ ಎಂಬ ಹೆಸರಿನಿಂದ ಹಾರಿ, ಬಳಿಕ ಸೈನ್ಯಕ್ಕೆ ಸೇರಿದ ವಿಮಾನದ ರೆಕ್ಕೆಗಳ ಹರವು 40 ಅಡಿ! ರಸ್ತೆಯ ಮಾತು ಅಲ್ಲಿಗೆ ಮುಗಿಯಿತು. ಮದುವೆಗೆ ಬಂದವರೆಲ್ಲರೂ ಹೇಳಿದ ಹಾಗೆ ಚಪ್ಪರ ಹಾಕಿದರೆ ವಧೂವರರಿಗೇ ಸ್ಥಳವಿರುವುದಿಲ್ಲ. ಆದರೂ ಬ್ರಾಂಕೊ ಒಳ್ಳೆಯ ವಿಮಾನವೇ ಆಯಿತು. 2015ರಲ್ಲಿ ಇರಾಕಿನ ಕಡೆಯ ಕಾಳಗದಲ್ಲಿ, ಅರ್ಧಶತಮಾನದ ಮೇಲೆ, ಅದನ್ನು ಮತ್ತೆ ಹೊರತೆಗೆದು ಉಪಯೋಗಿಸಿದರು.

ಈಗ ಪ್ರಶ್ನೆಯು ಮರಳಿ ಜೀವ ತಳೆದಿದೆ. ಉಕ್ರೇನಿನಲ್ಲಿ ಚಾಲಕನಿಲ್ಲದ ಡ್ರೋನುಗಳು ಮೆಲ್ಲಗೆ, ಕೆಳಗೆ, ಹಿಂಡುಹಿಂಡಾಗಿ ಬರತೊಡಗಿದಾಗ, ಒಂದೊಂದನ್ನು ಹೊಡೆಯುವುದಕ್ಕೆ ಅದರ ಹತ್ತರಷ್ಟು ಬೆಲೆಯ ಕ್ಷಿಪಣಿಯನ್ನು ವ್ಯಯಮಾಡುವುದು ಹುಚ್ಚುತನವೆಂದು ತೋರಿತು. 2024ರಲ್ಲಿ ಒಡೆಸಾ ಪ್ರಾಂತದಲ್ಲಿ, ಹಾರುವುದನ್ನು ಕಲಿಸುವುದಕ್ಕೆಂದು ಹಿಂದಿನ ಸೋವಿಯತ್ ಕಾಲದಲ್ಲಿ ಮಾಡಿದ ಯಾಕ್-52 ಎಂಬ ಪಂಕದ ವಿಮಾನದ ಹಿಂದಿನ ಆಸನದಲ್ಲಿ ಕುಳಿತ ಸಿಪಾಯಿಯು ಬಂದೂಕಿನಿಂದಲೇ ಡ್ರೋನುಗಳನ್ನು ಕೆಡವಿದನು. ಯಾವ ಮಂದಗತಿಯನ್ನು ದೋಷವೆಂದು ಎಣಿಸಿದ್ದರೋ ಅದೇ ಇಲ್ಲಿ ಗುಣವಾಯಿತು. ಹೆಗಲ ಕ್ಷಿಪಣಿಯ ಭಯವು ಹೋಗಿಲ್ಲ. ಆದರೆ ತನ್ನ ಸೇನಾಸಾಲಿನ ಹಿಂದೆಯೇ ಸುತ್ತುವ ಕಾವಲಿನ ವಿಮಾನಕ್ಕೆ ಆ ಭಯವು ಅಷ್ಟಾಗಿ ತಟ್ಟುವುದಿಲ್ಲ.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಅಗ್ಗದ ಸೇನಾಸಹಾಯಕ ವಿಮಾನವು ನಮಗೆ ಹೊಸದಲ್ಲ. ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ 1958ರಲ್ಲಿ ಹಾರಿದ ಪುಷ್ಪಕವು, ಹಾರಾಟ ಕಲಿಯುವ ಸಂಘಗಳಿಗೆಂದು ಮಾಡಿದ, ಬಟ್ಟೆ ಹೊದಿಸಿದ, ಇಬ್ಬರು ಕುಳಿತುಕೊಳ್ಳುವ ಸರಳವಾದ ವಿಮಾನವು. ಅದನ್ನೇ ಹಿಗ್ಗಿಸಿ 1959ರಲ್ಲಿ ಕೃಷಕ ಎಂಬುದನ್ನು ಮಾಡಿ, ಭೂಸೈನ್ಯದ ಫಿರಂಗಿಗಳಿಗೆ ಮೇಲಿನಿಂದ ಗುರಿ ತೋರಿಸುವ ಕೆಲಸಕ್ಕೆ ಹಚ್ಚಿದರು. ಹೆಸರು ರೈತನದು, ಕೆಲಸ ಸಿಪಾಯಿಯದು. 1970ರ ದಶಕದ ವರೆಗೆ ಅದು ಸೇವೆಯಲ್ಲಿದ್ದಿತು. ಬಳಿಕ ಹೆಲಿಕಾಪ್ಟರುಗಳು ಬಂದವು, ಆ ಮಾರ್ಗವು ಮುಂದುವರಿಯಲಿಲ್ಲ.

ಕಾಲೇಜಿನ ಪದವಿಯಿಲ್ಲದೆ ಮೋಟಾರು ಸೈಕಲ್ಲಿನ ಯಂತ್ರವನ್ನೂ ಅಲ್ಯೂಮಿನಿಯಮ್ ಕೊಳವೆಗಳನ್ನೂ ಕೂಡಿಸಿ ಹಾರುವ ಯಂತ್ರವನ್ನು ಮಾಡಹೊರಡುವ ತರುಣರ ಕಾಗದಗಳು ನಮ್ಮ ಕಚೇರಿಗೂ ಆಗಾಗ ಬರುತ್ತವೆ. ಕೆಲವು ಕೇವಲ ಬಾಲಿಶವೆಂಬುದನ್ನು ಮುಚ್ಚಿಡುವುದಿಲ್ಲ. ರೆಕ್ಕೆಯು ಎಷ್ಟು ಭಾರವನ್ನು ಹೊರಬೇಕೆಂಬ ಲೆಕ್ಕವೇ ಇಲ್ಲದ ಚಿತ್ರಗಳೂ ಇರುತ್ತವೆ. ಆದರೆ ಲೆಕ್ಕ ಮಾಡಿದವರೂ ಇದ್ದಾರೆ. ಅವರು ತಮ್ಮ ಮಾದರಿಯನ್ನು ಎಲ್ಲಿ ಹಾರಿಸಬೇಕು? ಊರ ಬಯಲಿನಲ್ಲಿ ಹಾರಿಸಿದರೆ ಪೊಲೀಸರು ಬರುತ್ತಾರೆ, ಬರುವುದು ನ್ಯಾಯವೂ ಹೌದು. ಸರಕಾರದವರು 2018ರಲ್ಲಿ ಐಡೆಕ್ಸ್ ಎಂಬ ಯೋಜನೆಯನ್ನು ಆರಂಭಿಸಿ, ಚಿಕ್ಕ ಸಂಸ್ಥೆಗಳಿಗೂ ಬಿಡಿ ಶೋಧಕರಿಗೂ ಸೇನೆಯ ಪ್ರಶ್ನೆಗಳನ್ನು ಬಿಡಿಸಲು ಹಣ ಕೊಡುತ್ತ ಬಂದಿರುವುದು ಶ್ಲಾಘನೀಯವೇ ಸರಿ. ಆದರೆ ಅಲ್ಲಿ ಪ್ರಶ್ನೆಯನ್ನು ಮುಖ್ಯವಾಗಿ ಕೇಳುವವರು ಕಚೇರಿಯವರೇ. ಲಿಂಡ್ಸೆಯವರಂತೆ, ಯಾರೂ ಕೇಳದ ಪ್ರಶ್ನೆಗೆ ಉತ್ತರವನ್ನು ಹಿಡಿದುಕೊಂಡು ಬಂದವನು ಯಾವ ಬಾಗಿಲಲ್ಲಿ ನಿಲ್ಲಬೇಕು? ಅರ್ಜಿಯ ನಮೂನೆಯನ್ನು ತುಂಬುವ ವಿದ್ಯೆಯೇ ಬೇರೆ, ವಿಮಾನವನ್ನು ಜೋಡಿಸುವ ವಿದ್ಯೆಯೇ ಬೇರೆ. ಏಕಲವ್ಯನು ಗುರುಕುಲದ ನಮೂನೆಯಲ್ಲಿ ಅರ್ಜಿ ಬರೆದುಕೊಂಡು ಬರಬೇಕೆಂದಿದ್ದರೆ ದ್ರೋಣರಿಗೆ ಹೆಬ್ಬೆರಳನ್ನು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ!

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ರಕ್ಷಣಾ ಸಂಶೋಧನೆಯವರ ವೈಮಾನಿಕ ಪರೀಕ್ಷಾಕ್ಷೇತ್ರವಿದೆ; 2017ರಲ್ಲಿ ಅದರ ಉದ್ಘಾಟನೆಯಾಯಿತು. ಓಡುದಾರಿಯಿದೆ, ಅಳೆಯುವ ಉಪಕರಣಗಳಿವೆ, ಬಲ್ಲ ಜನರಿದ್ದಾರೆ. ಆ ಸೀಮೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನು ದೊಡ್ಡ ಸಂಸ್ಥೆಗಳಿಗೆ ಬಿಟ್ಟುಕೊಡಬೇಕಾಗಿ ಬಂದ ಸುತ್ತಲಿನ ಹಳ್ಳಿಗಳ ಕುರಿಗಾರರ ಅಹವಾಲನ್ನು ನಾವು ಮರೆತಿಲ್ಲ. ದೇಶದ ಹೆಸರಿನಲ್ಲಿ ಪಡೆದ ನೆಲವು ದೇಶದ ಸಾಮಾನ್ಯನಿಗೂ ಒಂದಿಷ್ಟು ತೆರೆದಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ವರುಷಕ್ಕೆ ಹದಿನೈದು ದಿನ ಅಲ್ಲಿ ಹೊರಗಿನ ಶೋಧಕರಿಗೆ ಅವಕಾಶವನ್ನು ಕೊಡಲಿ. ಮಾದರಿಯು ಮನುಷ್ಯನಿಲ್ಲದೆ ಹಾರಲಿ. ಬಿದ್ದರೆ ಕಟ್ಟಿಗೆ ಕಬ್ಬಿಣ ಮುರಿದೀತು, ತಲೆಗಳಲ್ಲ. ಪದವಿಯನ್ನು ಕೇಳದೆ ಲೆಕ್ಕದ ಕಾಗದವನ್ನು ಕೇಳಲಿ. ಪರೀಕ್ಷಕರ ಸಾಲಿನಲ್ಲಿ ವಾಯುಪಡೆಯವರ ಜೊತೆಗೆ ಭೂಸೈನ್ಯದವರೂ ಕುಳಿತಿರಲಿ. ಏನು ಕಂಡಿತೋ ಅದನ್ನು ಮೂರು ತಿಂಗಳೊಳಗಾಗಿ ಶೋಧಕನಿಗೆ ಲಿಖಿತವಾಗಿ ತಿಳಿಸಲಿ. ನಿರಾಕರಿಸುವುದಾದರೂ ಕಾರಣವನ್ನು ಬರೆದು ನಿರಾಕರಿಸಲಿ. ಇದಕ್ಕೆ ತಗಲುವ ವೆಚ್ಚವು ಹೊರದೇಶದಿಂದ ತರಿಸುವ ಒಂದು ಯುದ್ಧವಿಮಾನದ ಒಂದು ಚಕ್ರದ ಬೆಲೆಯನ್ನು ಬಹಳವಾಗಿ ಮೀರಲಾರದೆಂದು ನಮ್ಮ ಊಹೆ. ಊಹೆಯು ತಪ್ಪಿದ್ದರೆ ರಕ್ಷಣಾ ಖಾತೆಯವರು ಅಂಕಿಗಳನ್ನು ಮುಂದಿಟ್ಟು ನಮ್ಮನ್ನು ತಿದ್ದಬಹುದು. ಚಿತ್ರದುರ್ಗದ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಬಗ್ಗೆ ಒಂದು ಪ್ರಶ್ನೆಯನ್ನು ಹಾಕಲಿ. ಬಂದ ಉತ್ತರವನ್ನು ನಾವು ಇದೇ ಪುಟದಲ್ಲಿ ಅಚ್ಚು ಹಾಕುವೆವು.