ದಂತ ವೈದ್ಯಕೀಯದ ಬಾಗಿಲಲ್ಲಿ ನಾಲ್ಕು ತಾಲ್ಲೂಕುಗಳ ಅಳುಕು

ನೀಟ್ ಫಲಿತಾಂಶ ಹೊರಬಿದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಆರಂಭವಾಗುವ ಹೊತ್ತಿಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಅನೇಕ ಮನೆಗಳಲ್ಲಿ ಪ್ರತಿ ವರ್ಷವೂ ಒಂದೇ ಮಾತು ಕೇಳಿಬರುತ್ತದೆ. ಎಂಬಿಬಿಎಸ್‌ಗೆ ಸಾಲುವಷ್ಟು ಅಂಕ ಬಂದಿಲ್ಲ, ಬಿಡಿಎಸ್ ಸಿಕ್ಕೀತು. ಆದರೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ಆ ಓದು ದಕ್ಕೀತೇ? ಕೆಲವರು ಈ ಅಳುಕಿನಿಂದಲೇ ಕೈಗೆ ಬಂದ ಸೀಟನ್ನು ಬಿಟ್ಟುಕೊಡುತ್ತಾರೆ. ಮತ್ತೆ ಕೆಲವರು ಅಳುಕನ್ನು ಅದುಮಿಟ್ಟು, ಹೊಲ ಅಡವಿಟ್ಟು, ಮ್ಯಾನೇಜ್‌ಮೆಂಟ್ ಸೀಟಿನ ಬೆನ್ನು ಹತ್ತುತ್ತಾರೆ. ಎರಡೂ ಕಡೆ ನಷ್ಟ ಸಣ್ಣದಲ್ಲ.

ಈ ಅಳುಕನ್ನು ಹಳ್ಳಿಯ ಹುಡುಗರ ಕೀಳರಿಮೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಪ್ರವೇಶಕ್ಕೆ ಅರ್ಹತೆ ಇದೆಯೇ ಎಂಬುದು ಮೊದಲನೆಯದು. ಮನೆಯ ಶಕ್ತಿಗೆ ಎಟುಕುವ ಸೀಟು ಸಿಗುತ್ತದೆಯೇ ಎಂಬುದು ಎರಡನೆಯದು. ಐದು ವರ್ಷದ ಓದನ್ನು ದಾಟಲು ಸಾಧ್ಯವೇ ಎಂಬುದು ಮೂರನೆಯದು. ಮೊದಲ ಎರಡಕ್ಕೆ ನೀಟ್ ಅಂಕ ಉತ್ತರ ಹೇಳುತ್ತದೆ. ಮೂರನೆಯದಕ್ಕೂ ಅದೇ ಅಂಕ ಉತ್ತರವೆಂದು ಭಾವಿಸಿರುವುದೇ ಇಂದಿನ ಗೊಂದಲದ ಮೂಲ.

ಅರ್ಹತೆಯ ಗೆರೆ ಎಲ್ಲಿದೆ?

2025ರ ನೀಟ್ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಅರ್ಹತೆಯ ಕನಿಷ್ಠ ಗೆರೆ 720ಕ್ಕೆ 144 ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ 113. ಅಂದರೆ ಐದರಲ್ಲಿ ಒಂದು ಪಾಲು ಅಂಕ ಪಡೆದವರೂ ಸಾಮಾನ್ಯ ವರ್ಗದಲ್ಲಿ ಅರ್ಹರೇ. ಈ ಗೆರೆಯನ್ನು ನಿಗದಿಪಡಿಸುವುದು ಪರ್ಸೆಂಟೈಲ್. ಸಾಮಾನ್ಯ ವರ್ಗಕ್ಕೆ 50, ಮೀಸಲು ವರ್ಗಗಳಿಗೆ 40. ಪರ್ಸೆಂಟೈಲ್ ಎಂಬುದು ಶೇಕಡಾವಾರು ಅಂಕವಲ್ಲ. ಪರೀಕ್ಷೆ ಬರೆದವರ ಸಾಲಿನಲ್ಲಿ ಅಭ್ಯರ್ಥಿ ನಿಂತಿರುವ ಜಾಗ. ಮುಂದಿನ ವರ್ಷ ಬೇರೆ ಸಾಲು, ಬೇರೆ ಗೆರೆ.

ಈ ಗೆರೆ ಎಷ್ಟು ಸಡಿಲವೆಂಬುದಕ್ಕೆ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪೇ ಸಾಕ್ಷಿ. 2020–21ನೇ ಸಾಲಿನಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟುಗಳು ಖಾಲಿ ಉಳಿದಿದ್ದವು. ಪರ್ಸೆಂಟೈಲ್ ಇಳಿಸಬೇಕೆಂದು ಭಾರತೀಯ ದಂತ ವೈದ್ಯಕೀಯ ಪರಿಷತ್ತು ಶಿಫಾರಸು ಮಾಡಿದ್ದರೂ ಕೇಂದ್ರ ಸರ್ಕಾರ ಒಪ್ಪಿರಲಿಲ್ಲ. ಹರ್ಷಿತ್ ಅಗರ್‌ವಾಲ್ ಪ್ರಕರಣದಲ್ಲಿ ನ್ಯಾಯಾಲಯವು ಆ ಸಾಲಿನ ಪ್ರವೇಶಕ್ಕೆ 10 ಪರ್ಸೆಂಟೈಲ್ ಇಳಿಸುವಂತೆ ನಿರ್ದೇಶಿಸಿತು. ಖಾಸಗಿ ದಂತ ಕಾಲೇಜುಗಳ ವಿಪರೀತ ಶುಲ್ಕವೂ ಸೀಟು ಖಾಲಿ ಬೀಳಲು ಒಂದು ಕಾರಣವೆಂಬ ವಾದದಲ್ಲಿ ಹುರುಳಿದೆ ಎಂದೂ ಹೇಳಿತು.

ಕಾಲೇಜುಗಳ ಕುರ್ಚಿ ಖಾಲಿ ಬಿದ್ದಾಗ ಕೆಳಗಿಳಿಯುವ ಗೆರೆಯೊಂದು ವಿದ್ಯಾರ್ಥಿಯ ಬುದ್ಧಿಶಕ್ತಿಯನ್ನು ಅಳೆಯುವ ಕೋಲಾಗಲು ಹೇಗೆ ಸಾಧ್ಯ? ಗೆರೆ ದಾಟಿದವನು ಓದಿಗೆ ಸಿದ್ಧನೆಂದು ಬೀಗಬೇಕಿಲ್ಲ. ಕೂದಲೆಳೆಯಲ್ಲಿ ತಪ್ಪಿದವಳು ದಡ್ಡಿಯೆಂದು ಕುಗ್ಗಬೇಕಿಲ್ಲ. ಮೇಲಾಗಿ ಪರೀಕ್ಷೆಯ ವಿಶ್ವಾಸಾರ್ಹತೆಯೇ ಪ್ರಶ್ನೆಗೊಳಗಾಗಿದೆ. 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪವೆದ್ದಿತು. 1,563 ಅಭ್ಯರ್ಥಿಗಳಿಗೆ ನೀಡಿದ್ದ ಕೃಪಾಂಕ ರದ್ದಾಯಿತು. ಅದೇ ಜುಲೈನಲ್ಲಿ ಕರ್ನಾಟಕ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು.

ನದಿ ದಾಟಿದರೆ ಬೇರೆ ನ್ಯಾಯ

ಎರಡನೆಯ ಪ್ರಶ್ನೆ ಸೀಟಿನದು. ರಾಜ್ಯ ಸರ್ಕಾರದ ದಂತ ಕಾಲೇಜುಗಳಿರುವುದು ಎರಡೇ ಊರುಗಳಲ್ಲಿ: ಬೆಂಗಳೂರು ಮತ್ತು ಬಳ್ಳಾರಿ. ವಿಜಯಪುರದ ಅಲ್ ಅಮೀನ್, ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ, ಧಾರವಾಡದ ಎಸ್‌ಡಿಎಂ, ಬೆಳಗಾವಿಯ ಕೆಎಲ್ಇ ದಂತ ಕಾಲೇಜುಗಳು ಖಾಸಗಿಯವು. ಕಲಬುರಗಿಯಲ್ಲಿ ಇಎಸ್ಐ ನಿಗಮದ ದಂತ ಕಾಲೇಜಿದೆ. ಅಲ್ಲಿನ ಸೀಟುಗಳಲ್ಲಿ ಒಂದು ಪಾಲು ವಿಮಾದಾರ ಕಾರ್ಮಿಕರ ಮಕ್ಕಳಿಗೆ ಮೀಸಲು.

ನಾಲ್ಕು ತಾಲ್ಲೂಕುಗಳಿಗೆ ಹತ್ತಿರವಾದ ರಾಜ್ಯ ಸರ್ಕಾರಿ ಕಾಲೇಜು ಬಳ್ಳಾರಿಯದು. ಆದರೆ ಬಳ್ಳಾರಿ ಕಲ್ಯಾಣ ಕರ್ನಾಟಕಕ್ಕೆ ಸೇರಿದೆ. 2012ರಲ್ಲಿ ಸಂವಿಧಾನಕ್ಕೆ ತಂದ 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ವಿಧಿಯನ್ವಯ ಆ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದೆಡೆ ಶೇ 8. ಸಿಂದಗಿಯ ನೆರೆಯ ಜೇವರ್ಗಿ, ಅಫಜಲಪುರದ ವಿದ್ಯಾರ್ಥಿಗೆ ಈ ಆಸರೆ ಉಂಟು. ಮುದ್ದೇಬಿಹಾಳಕ್ಕೆ ತಾಗಿದ ಸುರಪುರ ಭಾಗದವರಿಗೂ ಉಂಟು. ಸಿಂದಗಿ, ಮುದ್ದೇಬಿಹಾಳದವರಿಗೆ ಇಲ್ಲ. ಕಾರಣ ಇತಿಹಾಸದಲ್ಲಿದೆ: 1956ರ ಏಕೀಕರಣಕ್ಕೆ ಮುಂಚೆ ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿತ್ತು.

ಕಲ್ಯಾಣ ಕರ್ನಾಟಕಕ್ಕೆ ದೊರೆತದ್ದು ನ್ಯಾಯವೇ. ಅದರ ಮೇಲೆ ಕರುಬುವ ಮಾತಿಲ್ಲ. ಆದರೆ ಬರ ಆಡಳಿತದ ಗಡಿ ನೋಡಿ ಬರುವುದಿಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಪಟ್ಟಿಯಲ್ಲಿವೆ. ಹಿಂದುಳಿದಿವೆ ಎಂದು ಸರ್ಕಾರವೇ ಒಪ್ಪಿರುವ ತಾಲ್ಲೂಕುಗಳ ಮಕ್ಕಳು ಪ್ರವೇಶದ ಸಾಲಿನಲ್ಲಿ ಮಾತ್ರ ಮುಂದುವರಿದ ಊರುಗಳ ಮಕ್ಕಳ ಜತೆ ಸಮನಾಗಿ ನಿಲ್ಲಬೇಕಾಗಿರುವುದು ವಿಪರ್ಯಾಸ.

ಹಾಗೆಂದು ಕೈ ಪೂರ್ತಿ ಬರಿದಾಗಿಲ್ಲ. ರಾಜ್ಯದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರ ಮೀಸಲು ಇದೆ. ಒಂದರಿಂದ ಹತ್ತನೇ ತರಗತಿವರೆಗಿನ ಓದು ಇದಕ್ಕೆ ಆಧಾರ. ಮಗು ಮುಂದೆ ಡಾಕ್ಟರಾಗಲೆಂದು ನಾಲ್ಕನೇ ತರಗತಿಗೇ ವಿಜಯಪುರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುವ ಪಾಲಕರು ಈ ಎರಡೂ ಸೌಲಭ್ಯಗಳನ್ನು ಕಳೆದುಕೊಳ್ಳುತ್ತಾರೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಉಳಿದವನು ತನ್ನ ಕೊರತೆಯೆಂದು ಭಾವಿಸಿರುವ ಶಾಲೆಯೇ ಸೀಟು ಹಂಚಿಕೆಯಲ್ಲಿ ಅವನ ಬಲ. ವ್ಯಾಸಂಗ ಪ್ರಮಾಣಪತ್ರವನ್ನು ಕೊನೆಯ ದಿನದವರೆಗೆ ಮುಂದೂಡದಿದ್ದರೆ ಸಾಕು.

ಓದು ಕೇಳುವುದೇನು?

ಈಗ ಮೂರನೆಯ, ನಿಜವಾದ ಪ್ರಶ್ನೆ. ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷವೇ ಮನುಷ್ಯದೇಹದ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಹಲ್ಲಿನ ರಚನೆ ಹಾಗೂ ಬಾಯಿಯ ಅಂಗಾಂಶಗಳ ಅಧ್ಯಯನ. ಎರಡನೆಯ ವರ್ಷ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ದಂತ ಚಿಕಿತ್ಸೆಯ ಸಾಮಗ್ರಿಗಳು. ಎಂಬಿಬಿಎಸ್ ಸಿಗದವರ ಸುಲಭದ ದಾರಿಯಿದು ಎಂದು ಭಾವಿಸಿ ಹೋದವರಿಗೆ ಮೊದಲ ವರ್ಷವೇ ಪಾಠ ಕಲಿಸುತ್ತದೆ.

ನೀಟ್ ಪರೀಕ್ಷೆಯು ಈ ಓದಿನ ಒಂದು ಅಂಶವನ್ನಷ್ಟೇ ಅಳೆಯುತ್ತದೆ. 720 ಅಂಕಗಳಲ್ಲಿ 180 ಭೌತಶಾಸ್ತ್ರದ್ದು. ದಂತ ಕಾಲೇಜಿನಲ್ಲಿ ಅದೊಂದು ಪ್ರತ್ಯೇಕ ವಿಷಯವೇ ಅಲ್ಲ. ಜೀವಶಾಸ್ತ್ರದಲ್ಲಿ ಗಟ್ಟಿಯಾಗಿದ್ದು ಭೌತಶಾಸ್ತ್ರದಲ್ಲಿ ಎಡವಿ ಒಟ್ಟು ಅಂಕ ಕುಸಿದ ವಿದ್ಯಾರ್ಥಿನಿ ಅಂಗರಚನಾಶಾಸ್ತ್ರಕ್ಕೆ ಅಂಜಬೇಕಾದ ಕಾರಣವಿಲ್ಲ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ ಸಿಕ್ಕಿದ್ದು 180 ನಿಮಿಷ. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಅಲ್ಲಿ ಗೆಲ್ಲಿಸುವುದು ವೇಗ ಮತ್ತು ಅಭ್ಯಾಸ. ದಂತ ಕಾಲೇಜಿನ ಪರೀಕ್ಷೆಯಲ್ಲಾದರೋ ದೀರ್ಘ ಉತ್ತರ ಬರೆಯಬೇಕು, ಚಿತ್ರ ಬಿಡಿಸಬೇಕು, ಪರೀಕ್ಷಕರೆದುರು ಮೌಖಿಕ ಉತ್ತರ ಕೊಡಬೇಕು, ಲಿಖಿತ ಮತ್ತು ಪ್ರಾಯೋಗಿಕ ಎರಡರಲ್ಲೂ ಶೇ 50 ಪಡೆಯಬೇಕು. ಈ ದೃಷ್ಟಿಯಿಂದ ಪಿಯುಸಿ ಪರೀಕ್ಷೆಯೇ ಅದಕ್ಕೆ ಹೆಚ್ಚು ಹತ್ತಿರ. 2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ವಿಜಯಪುರ ಜಿಲ್ಲೆ ದಕ್ಷಿಣ ಕನ್ನಡ, ಉಡುಪಿಗಳ ನಂತರ ಮೂರನೆಯ ಸ್ಥಾನದಲ್ಲಿತ್ತು. ಒಂದು ವರ್ಷದ ಶೇಕಡಾವಾರು ಲೆಕ್ಕ ಎಲ್ಲವನ್ನೂ ಹೇಳದು. ಆದರೆ ಪ್ರಶ್ನೋತ್ತರ ಉರುಹೊಡೆಯದೆ, ಅರ್ಥ ಮಾಡಿಕೊಂಡು ಜೀವಶಾಸ್ತ್ರ ಬರೆದವರು ಆ ಅಂಕವನ್ನು ಕಡೆಗಣಿಸಬೇಕಿಲ್ಲ.

ಪ್ರವೇಶ ಪರೀಕ್ಷೆ ಅಳೆಯದ ಇನ್ನೊಂದು ಸಂಗತಿ ಕೈಯ ಹದ. ಮೊದಲ ವರ್ಷದಲ್ಲೇ ಮೇಣದ ತುಂಡಿನಲ್ಲಿ ಹಲ್ಲಿನ ಆಕಾರ ಕೆತ್ತಬೇಕು. ಅಮೆರಿಕದ ದಂತ ಪ್ರವೇಶ ಪರೀಕ್ಷೆಯಲ್ಲಿ ಆಕಾರ ಗ್ರಹಿಸುವ ಶಕ್ತಿಗೆ ಪ್ರತ್ಯೇಕ ವಿಭಾಗವಿದೆ. ಕೆನಡಾದಲ್ಲಿ ಹಿಂದೆ ಸೋಪಿನ ತುಂಡು ಕೆತ್ತಿಸುವ ಪರೀಕ್ಷೆಯೇ ಇತ್ತು. ನಮ್ಮಲ್ಲಿ ಯಾವುದೂ ಇಲ್ಲ. ಹೀಗಾಗಿ 600 ಅಂಕದವನೂ 200 ಅಂಕದವಳೂ ಮೇಣದ ಮುಂದೆ ಹೊಸಬರೇ. ಕೈಯ ಹದ ತಾಲೀಮಿನಿಂದ ಬರುವಂಥದ್ದು.

ಅಳುಕು ನಿಜವಾಗುವುದು ಎಲ್ಲಿ?

ಅಳುಕೆಲ್ಲ ಹುಸಿಯೆಂದು ಹೇಳುವುದೂ ಪ್ರಾಮಾಣಿಕವಾಗದು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರು ಪಿಯುಸಿಯ ಮೊದಲ ದಿನವೇ ಇಂಗ್ಲಿಷ್ ಪಠ್ಯದೆದುರು ಕೂರುತ್ತಾರೆ. ದ್ಯುತಿಸಂಶ್ಲೇಷಣೆ ಫೋಟೊಸಿಂಥೆಸಿಸ್ ಆಗುತ್ತದೆ. ಗೊತ್ತಿದ್ದ ವಿಷಯವೂ ಅಪರಿಚಿತವಾಗುತ್ತದೆ. 2017ರಿಂದ ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು. ಆದರೂ 2020ರಲ್ಲಿ ನೋಂದಾಯಿಸಿದ ಸುಮಾರು 16 ಲಕ್ಷ ಅಭ್ಯರ್ಥಿಗಳಲ್ಲಿ ಕನ್ನಡ ಆರಿಸಿಕೊಂಡವರು ಸಾವಿರದ ಆಸುಪಾಸು. ಎರಡು ವರ್ಷ ಇಂಗ್ಲಿಷ್‌ನಲ್ಲಿ ಪಾಠ ಕೇಳಿದವರಿಗೆ ಕೊನೆಯ ಮೂರು ಗಂಟೆ ಮಾತ್ರ ಕನ್ನಡ ಕೊಟ್ಟರೆ ಉಪಯೋಗವೇನು? ದಂತ ಕಾಲೇಜಿನಲ್ಲಿ ಪುಸ್ತಕ, ಉಪನ್ಯಾಸ, ಮೌಖಿಕ ಪರೀಕ್ಷೆ ಎಲ್ಲವೂ ಇಂಗ್ಲಿಷ್. ಎಡವುವ ಜಾಗ ಇದೇ. ಆದರೆ ಇದು ಬುದ್ಧಿಯ ಕೊರತೆಯಲ್ಲ, ಭಾಷೆಯ ತೊಡಕು. ಸೀಟು ಹಂಚಿಕೆಗೂ ತರಗತಿ ಆರಂಭಕ್ಕೂ ನಡುವಿನ ವಾರಗಳಲ್ಲಿ ಪಿಯುಸಿ ಜೀವಶಾಸ್ತ್ರದ ಮಾನವದೇಹದ ಅಧ್ಯಾಯಗಳನ್ನು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಬರೆದು ನೋಡಿದರೆ ತನ್ನ ಸಿದ್ಧತೆ ಎಷ್ಟೆಂಬುದು ಯಾವ ರ್‍ಯಾಂಕ್ ಪಟ್ಟಿಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಎರಡನೆಯ ನಿಜವಾದ ಅಳುಕು ಹಣದ್ದು. ಸರ್ಕಾರಿ ಕೋಟಾದ ಸೀಟು ದೊರೆತವರಿಗೆ ಶುಲ್ಕ ಮರುಪಾವತಿ, ಅರಿವು ಸಾಲದಂಥ ನೆರವುಗಳಿವೆ. ಅವನ್ನು ಮೀರಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೊಲ ಮಾರುವ ಮುನ್ನ ಯೋಚಿಸಬೇಕು. ಬಿಡಿಎಸ್ ಮುಗಿದೊಡನೆ ಸರ್ಕಾರಿ ನೌಕರಿ ಕಾದಿರುವುದಿಲ್ಲ. ಸ್ವಂತ ದವಾಖಾನೆಗೆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ ಯಂತ್ರವೆಂದು ಮತ್ತೊಂದು ಸುತ್ತಿನ ಬಂಡವಾಳ ಬೇಕು. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಕೂರುವುದೋ, ಸಿಕ್ಕಿದ್ದಕ್ಕೆ ಸೇರುವುದೋ ಎಂಬುದನ್ನು ಈ ಲೆಕ್ಕ ಮುಂದಿಟ್ಟುಕೊಂಡು ನಿರ್ಧರಿಸಬೇಕೇ ಹೊರತು ನೆರೆಮನೆಯವರ ಮಗನ ರ್‍ಯಾಂಕ್ ನೋಡಿ ಅಲ್ಲ.

ಆಗಬೇಕಾದ್ದು

ದಂತ ವೈದ್ಯರ ಅಗತ್ಯ ಈ ಭಾಗಕ್ಕಿಲ್ಲವೇ? ವಿಜಯಪುರ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಹಳದಿಗಟ್ಟಿದ ಮಕ್ಕಳು, ಗುಟ್ಕಾ ಅಗಿದು ಬಾಯಿ ತೆರೆಯಲಾಗದ ಯುವಕರು ಈ ಸೀಮೆಗೆ ಹೊಸಬರಲ್ಲ. ಇಲ್ಲಿನ ಮಾತು, ಇಲ್ಲಿನ ನೀರು ಬಲ್ಲ ವೈದ್ಯರು ಇಲ್ಲಿಂದಲೇ ಹೊರಹೊಮ್ಮಬೇಕು.

ಅದಕ್ಕೆ ಮೂರು ಕ್ರಮಗಳು ತುರ್ತಾಗಿ ಆಗಬೇಕು. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ 2019ರ ಪಠ್ಯಕ್ರಮದೊಂದಿಗೆ ಆರಂಭದ ಬುನಾದಿ ಕೋರ್ಸ್ ಬಂದಿದೆ. ಭಾಷಾ ಕೌಶಲವೂ ಅದರ ಭಾಗ. ಆ ಮಾದರಿ ದಂತ ಕಾಲೇಜುಗಳಿಗೂ ವಿಸ್ತರಿಸಬೇಕು. ನಾಲ್ಕೂ ತಾಲ್ಲೂಕುಗಳ ಪದವಿಪೂರ್ವ ಕಾಲೇಜುಗಳಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲು ಮತ್ತು ಸಾಲ ಸೌಲಭ್ಯಗಳ ಮಾಹಿತಿ ಪ್ರಥಮ ಪಿಯುಸಿಯಲ್ಲೇ ಸಿಗಬೇಕು. ನಂಜುಂಡಪ್ಪ ವರದಿಯ ಪಟ್ಟಿಯನ್ನು ರಸ್ತೆ, ಕೆರೆಗಳ ಅನುದಾನಕ್ಕಷ್ಟೇ ಬಳಸದೆ ವೃತ್ತಿಶಿಕ್ಷಣದ ಪ್ರವೇಶದಲ್ಲೂ ಪರಿಗಣಿಸುವ ಬಗ್ಗೆ ಈ ಭಾಗದ ಶಾಸಕರು ಸದನದಲ್ಲಿ ಬಾಯಿಬಿಡಬೇಕು.

2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಪದವಿಯ ಕೊನೆಗೆ ನಿರ್ಗಮನ ಪರೀಕ್ಷೆಯ ಅವಕಾಶವಿದೆ. ಅದು ಜಾರಿಗೊಂಡಾಗ ವೈದ್ಯನ ಯೋಗ್ಯತೆ ತೀರ್ಮಾನವಾಗುವುದು ಐದು ವರ್ಷ ಕಲಿತದ್ದರ ಮೇಲೆ. ಹದಿನೆಂಟನೆಯ ವಯಸ್ಸಿನಲ್ಲಿ ಮೂರು ಗಂಟೆ ಬರೆದ ಒಂದು ಪರೀಕ್ಷೆಗೆ ಆ ತೀರ್ಪಿನ ಅಧಿಕಾರವನ್ನು ಮುಂಚೆಯೇ ಒಪ್ಪಿಸಿ, ಇಂಡಿ-ಸಿಂದಗಿಯ ಮಕ್ಕಳು ಬಾಗಿಲಿನಿಂದಲೇ ಹಿಂದಿರುಗುವಂತಾಗಬಾರದು.