ಕಾಹಿಲೆಯ ಕಾಲದ ಕೂಲಿ

ಹೋಟೆಲಿನಲ್ಲಿ ದುಡಿಯುವವನಿಗೆ ಜ್ವರ ಬಂದರೆ ಏನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ದಿನ ಗುಳಿಗೆ ನುಂಗಿ ಕೆಲಸಕ್ಕೆ ನಿಲ್ಲುತ್ತಾನೆ. ಮೂರನೆಯ ದಿನ ಮಲಗುತ್ತಾನೆ. ಐದನೆಯ ದಿನ ಜೊತೆಗಾರರು ಕೈಯಿಂದ ಕೈಗೆ ಹಣ ಕೂಡಿಸಿ ಊರಿನ ರೈಲು ಹತ್ತಿಸುತ್ತಾರೆ. ಮೈ ನೆಟ್ಟಗಾಗಿ ಹಿಂದಿರುಗುವಷ್ಟರಲ್ಲಿ ಅವನ ಜಾಗದಲ್ಲಿ ಬೇರೊಬ್ಬನಿರುತ್ತಾನೆ. ಸಂಬಳವೂ ಹೋಯಿತು, ಕೆಲಸವೂ ಹೋಯಿತು, ಉಳಿದದ್ದು ಸಾಲ.

ಮುಂಬಯಿಯ ನಮಗೆ ಇದು ಹಳೆಯ ಕಥೆ. ಆದರೆ ಇಂದು ಆಂಧ್ರದ ವಿಶಾಖಪಟ್ಟಣ, ವಿಜಯವಾಡಗಳಲ್ಲಿ ದುಡಿಯುವ ನಮ್ಮವರನ್ನು ಕುರಿತು ಎರಡು ಮಾತು ಹೇಳಬೇಕೆನಿಸಿದೆ. ಉಡುಪಿ, ಕುಂದಾಪುರದ ಕಡೆಯಿಂದ ನಾವು ಇತ್ತ ಬಂದಂತೆ ನಮ್ಮ ತಮ್ಮಂದಿರು, ಭಾವಂದಿರು, ನೆರೆಮನೆಯವರು ಅತ್ತ ಹೋಗಿ ದೋಸೆ ಕಾವಲಿಯ ಮುಂದೆ ನಿಂತಿದ್ದಾರೆ. ಇಲ್ಲಿ ನಮಗೆ ಸಂಘವುಂಟು, ಕೇಳುವವರುಂಟು. ಅಲ್ಲಿ ಹೊಸದಾಗಿ ಹೋದವನಿಗೆ ಕಛೇರಿಯ ಕಾಗದವನ್ನು ಓದಿ ಹೇಳುವವರೂ ಇಲ್ಲ. ವಿಮೆಯ ನಿಯಮ ಮಾತ್ರ ಎರಡೂ ಕಡೆಗೆ ಒಂದೇ.

ಈ ನಿಯಮ ನಿನ್ನೆ ಮೊನ್ನೆಯದಲ್ಲ. ಕಾಹಿಲೆ ಬಿದ್ದ ಕಾರ್ಮಿಕನಿಗೆ ವಿಮೆಯಿಂದ ಹಣ ಕೊಡಬೇಕೆಂದು ಜರ್ಮನಿ 1883ರಲ್ಲಿಯೇ ಕಾಯಿದೆ ಮಾಡಿತು. ನಮ್ಮ ದೇಶದಲ್ಲಿ ಪ್ರೊ. ಬಿ. ಪಿ. ಅದರ್ಕರ್ ಅವರು 1944ರಲ್ಲಿ ವರದಿ ಕೊಟ್ಟರು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. ನಾವೆಲ್ಲ ಇ.ಎಸ್.ಐ. ಎನ್ನುವುದು ಇದನ್ನೇ. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಯೋಜನೆ ಮುಂದುವರಿದಿದೆ. ವಿಶಾಖಪಟ್ಟಣದ ಮಲ್ಕಾಪುರದಲ್ಲಿಯೂ ವಿಜಯವಾಡದ ಗುಣದಲದಲ್ಲಿಯೂ ಇ.ಎಸ್.ಐ. ಆಸ್ಪತ್ರೆಗಳಿವೆ.

ಲೆಕ್ಕವನ್ನೇ ನೋಡೋಣ. ತಿಂಗಳಿಗೆ 15,000 ರೂಪಾಯಿ ಪಡೆಯುವ ಒಬ್ಬ ಸಪ್ಲಾಯರ್ ಇದ್ದಾನೆನ್ನಿ. 2019ರ ಜುಲೈ 1ರಿಂದ ಗೊತ್ತುಮಾಡಿದ ದರದಂತೆ ಅವನ ವಂತಿಗೆ ಶೇಕಡಾ 0.75, ಎಂದರೆ ತಿಂಗಳಿಗೆ ಸುಮಾರು 113 ರೂಪಾಯಿ. ಧಣಿಯ ವಂತಿಗೆ ಶೇಕಡಾ 3.25, ಸುಮಾರು 488 ರೂಪಾಯಿ. ಅವನು ಟೈಫಾಯಿಡ್ ಬಂದು 30 ದಿನ ಮಲಗಿದರೆ ಮೊದಲ ಎರಡು ದಿನಗಳಿಗೆ ಏನೂ ಇಲ್ಲ. ಉಳಿದ 28 ದಿನಗಳಿಗೆ ದಿನಗೂಲಿಯ ಶೇಕಡಾ 70, ಅಂದರೆ ದಿನಕ್ಕೆ 350 ರೂಪಾಯಿಯಂತೆ 9,800 ರೂಪಾಯಿ ಬರುತ್ತದೆ. ಹೀಗೆ ವರ್ಷಕ್ಕೆ 91 ದಿನಗಳವರೆಗೆ ಪಡೆಯಬಹುದು. ಔಷಧೋಪಚಾರ ಬೇರೆ. ಕ್ಷಯ, ಕ್ಯಾನ್ಸರಿನಂತಹ ದೀರ್ಘ ರೋಗಗಳಿಗೆ, ಎರಡು ವರ್ಷ ಎಡೆಬಿಡದೆ ವಿಮೆಯಲ್ಲಿದ್ದು ವಂತಿಗೆಯ ನಿಯಮ ಪೂರೈಸಿದವರಿಗೆ, ಶೇಕಡಾ 80ರಂತೆ ಎರಡು ವರ್ಷಗಳವರೆಗೂ ದೊರೆಯುತ್ತದೆ. ಇದು ಯಾರ ಕೈಯಿಂದಲೋ ಬೀಳುವ ಭಿಕ್ಷೆಯಲ್ಲ. ನಾವು ದುಡಿದು ಕಟ್ಟಿದ ಹಣ.

ಹಾಗಾದರೆ ನಮ್ಮ ಹೋಟೆಲ್ ಕಾರ್ಮಿಕನಿಗೆ ಇದೇಕೆ ಸಿಗುವುದಿಲ್ಲ? ಮೊದಲ ಕಾರಣ, ಪುಸ್ತಕದಲ್ಲಿ ಅವನ ಹೆಸರೇ ಇರುವುದಿಲ್ಲ. ಹತ್ತು ಮಂದಿ ದುಡಿಯುವ ಹೋಟೆಲು ವಿಮೆಗೆ ಒಳಪಡುತ್ತದೆ. ಎಣಿಸುವಾಗ ಪಾತ್ರೆ ತೊಳೆಯುವವನನ್ನೂ ಟೇಬಲ್ ಒರೆಸುವವನನ್ನೂ ಗುತ್ತಿಗೆಯಲ್ಲಿ ಬಂದವನನ್ನೂ ಬಿಡುವಂತಿಲ್ಲ. ಎರಡನೆಯ ಕಾರಣ ನಮ್ಮದೇ ತಪ್ಪು. ಅದು ಹೀಗೆ:

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಹಿಲೆಯ ಹಣಕ್ಕೆ ಹಕ್ಕು ಬರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್. ನಮ್ಮವನು ವಿಶಾಖಪಟ್ಟಣದಲ್ಲಿ 50 ದಿನ ದುಡಿಯುತ್ತಾನೆ. ಹತ್ತು ರೂಪಾಯಿ ಹೆಚ್ಚು ಸಿಕ್ಕಿತೆಂದು ವಿಜಯವಾಡಕ್ಕೆ ಬಂದು 60 ದಿನ ದುಡಿಯುತ್ತಾನೆ. ಕೂಡಿಸಿದರೆ 110 ದಿನ, ಹಕ್ಕು ಪೂರ್ಣ. ಆದರೆ ಹೊಸ ಹೋಟೆಲಿನಲ್ಲಿ ಹಳೆಯ ವಿಮಾ ನಂಬರನ್ನು ಹೇಳದೆ ಹೊಸದನ್ನು ಮಾಡಿಸಿಕೊಂಡರೆ ಒಂದರಲ್ಲಿ 50, ಇನ್ನೊಂದರಲ್ಲಿ 60. ಎರಡೂ 78ಕ್ಕೆ ಮುಟ್ಟವು. ವಂತಿಗೆ ಕಟ್ಟಿಯೂ ಬರಿಗೈ! ಊರೂರು ತಿರುಗುವ ಹೋಟೆಲ್ ಕಾರ್ಮಿಕನಷ್ಟು ಈ ಬಲೆಗೆ ಬೀಳುವವರು ಬೇರೆ ಯಾರೂ ಇರಲಾರರು. ಒಬ್ಬನಿಗೆ ಜೀವಮಾನಕ್ಕೆಲ್ಲ ಒಂದೇ ನಂಬರು. ಮನೆಯ ವಿಳಾಸದಂತೆ ಅದನ್ನು ಬಾಯಿಪಾಠ ಮಾಡಿಟ್ಟುಕೊಳ್ಳತಕ್ಕದ್ದು.

ಕೆಲವರು ಹೇಳುತ್ತಾರೆ: "ಇ.ಎಸ್.ಐ.ಗೆ ಹೋದರೆ ದಿನವಿಡೀ ಸಾಲು ನಿಲ್ಲಬೇಕು, ಔಷಧ ಸಿಗದು. ಮುರಿದುಕೊಳ್ಳುವ ಹಣ ಕೈಗೇ ಬರಲಿ." ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆಂಧ್ರದ ಇ.ಎಸ್.ಐ. ಔಷಧ ಖರೀದಿಯಲ್ಲಿ ಅಕ್ರಮ ನಡೆದಿದೆಯೆಂಬ ಆರೋಪದ ಮೇಲೆ 2020ರಲ್ಲಿ ಅಲ್ಲಿನ ಭ್ರಷ್ಟಾಚಾರ ನಿಗ್ರಹ ದಳ ಮೊಕದ್ದಮೆ ಹೂಡಬೇಕಾಯಿತು. ಆದರೆ ಮಾಡು ಸೋರುತ್ತದೆಂದು ಮನೆ ಬಿಟ್ಟು ಮಳೆಯಲ್ಲಿ ನಿಲ್ಲುವವರುಂಟೇ? ಕೈಗೆ ಬಂದ 113 ರೂಪಾಯಿ ಚಹಾ, ಬೀಡಿಗೆ ಹೋಗುತ್ತದೆ. ಟೈಫಾಯಿಡಿನ ತಿಂಗಳಲ್ಲಿ ಅದು ಮರಳಿ ಬಾರದು. ಆಸ್ಪತ್ರೆ ಸರಿಯಾಗಬೇಕಾದರೆ ಅದರಲ್ಲಿ ಹಕ್ಕುಳ್ಳವರು ಒಳಗಿದ್ದು ಕೇಳಬೇಕು.

ಧಣಿಗಳಿಗೂ ಒಂದು ಮಾತು. ಅವರಲ್ಲಿ ಅನೇಕರು ನಮ್ಮ ಊರಿನವರೇ, ಒಂದು ಕಾಲಕ್ಕೆ ಲೋಟ ತೊಳೆದು ಮೇಲೆ ಬಂದವರೇ. ತಮ್ಮ ಕೈಕೆಳಗಿನವನು ಮಲಗಿದಾಗ ಗಲ್ಲಾಪೆಟ್ಟಿಗೆಯಿಂದ ನೂರು ಇನ್ನೂರು ಕೊಟ್ಟು ಕಳಿಸುವುದು ದೊಡ್ಡತನವೆಂದು ತಿಳಿದವರು, ಅವನ ಹೆಸರನ್ನು ಪುಸ್ತಕಕ್ಕೆ ಹತ್ತಿಸುವುದು ಅದಕ್ಕಿಂತ ದೊಡ್ಡದೆಂದು ತಿಳಿಯಲಿ. ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿಯೂ ಧಣಿಯೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸೇರಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ.

ಸರಕಾರದ ಮುಂದೆ ನಮ್ಮ ಬೇಡಿಕೆಗಳು ಎರಡು. 2017ರ ಜನವರಿ 1ರಂದು ಗೊತ್ತುಮಾಡಿದ ತಿಂಗಳಿಗೆ 21,000 ರೂಪಾಯಿಯ ಸಂಬಳದ ಮಿತಿ ಇಂದಿನ ಅಕ್ಕಿ ಬೇಳೆಯ ಬೆಲೆಗೆ ಹೊಂದದು, ಅದು ಏರಬೇಕು. ಕಾಹಿಲೆಯ ಹಣ ಪಡೆಯುತ್ತಿರುವವನನ್ನು ಕೆಲಸದಿಂದ ತೆಗೆಯಕೂಡದೆಂದು 1948ರ ಕಾಯಿದೆಯ 73ನೆಯ ಪ್ರಕರಣ ವಿಧಿಸಿತ್ತು. ಆ ರಕ್ಷಣೆ ಹೊಸ ಸಂಹಿತೆಯ ಕಾಲದಲ್ಲಿ ಎಳ್ಳಷ್ಟೂ ಸಡಿಲವಾಗಕೂಡದು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಈ ವಾರ ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಫೋನು ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ ಇನ್ನೂ ಮೂರು ಮಾತು ಕೇಳಿರಿ: ನಿನ್ನ ಹೆಸರು ಪುಸ್ತಕದಲ್ಲಿದೆಯೇ? ನಿನ್ನ ವಿಮಾ ನಂಬರು ಒಂದೇ ಇದೆಯೇ? ಮೈ ಸರಿಯಿಲ್ಲದಾಗ ರೈಲು ಹತ್ತುವ ಮುಂಚೆ ಇ.ಎಸ್.ಐ. ಡಾಕ್ಟರರ ಸರ್ಟಿಫಿಕೇಟು ಪಡೆಯುವೆಯಾ? ಉತ್ತರ ಇಲ್ಲವೆಂದಾದರೆ, ಮೈ ಗಟ್ಟಿಯಿರುವಾಗಲೇ ಸರಿಪಡಿಸಿಕೊಳ್ಳಲು ಹೇಳಿರಿ. ಹಾಸಿಗೆ ಹಿಡಿದ ಮೇಲೆ ನಂಬರು ಹುಡುಕಿ ಫಲವಿಲ್ಲ.